ಒಳಗಿನ ಅಗುಳಿ
ಶರಣಬಂಧುಗಳೇ, ನಮ್ಮ ನಾಡಿನ ಹಳೆಯ ಮನೆಗಳ ಹೆಬ್ಬಾಗಿಲನ್ನು ಅವಲೋಕಿಸಿರಿ. ಎಷ್ಟೋ ಕಡೆ ಜೋಡಿ ಕದಗಳು ಕಬ್ಬಿಣದ ಕೀಲನ್ನು ಬೇಡದೆ, ಕದದ ಮರದಲ್ಲಿಯೇ ಕೆತ್ತಿದ ಗೂಟಗಳಿಂದ, ಬಾಗಿಲವಾಡದ ಮೇಲೂ ಕೆಳಗೂ ಕೊರೆದ ಕುಳಿಗಳಲ್ಲಿ ತಿರುಗುವವು. ಭಾರವೆಲ್ಲ ಕೆಳಗಿನ ಕುಳಿಯ ಮೇಲೆ. ಎಣ್ಣೆ ಆರಿದರೆ ಕದವು ನರಳುವುದು.

ಬೀಗವು ಹೊರಗಿನದು, ಮನೆಯಲ್ಲಿ ಯಾರೂ ಇಲ್ಲವೆಂದು ಸಾರುವುದು. ಅಗುಳಿಯಾದರೋ ಒಳಗಿನದು, ಅದನ್ನು ಹಾಕುವವನೂ ತೆಗೆಯುವವನೂ ಒಳಗಿರುವವನೇ. ಬೀಗ ಬಿದ್ದ ಮನೆಯಿಂದ ಹಸಿದವನು ಹಿಂತಿರುಗಿದರೆ ಯಾರನ್ನೂ ದೂರಲಾಗದು. ಅಗುಳಿ ಬಿದ್ದ ಮನೆಯಿಂದ ಹಿಂತಿರುಗಿದರೆ ಆ ಹೊಣೆ ಗೃಹಸ್ಥನದು.

ಮನಸ್ಸಿಗೂ ಇದೇ ನ್ಯಾಯ. ಶ್ರೀಗುರುವು ಬೋಧೆಯಿಂದ ಚಿಲಕವನ್ನು ಬಡಿಯಬಲ್ಲನು. ಅಹಂಕಾರದ ಅಗುಳಿಯನ್ನು ಸರಿಸಬೇಕಾದವರು ನಾವೇ. ಆದುದರಿಂದ ಭಕ್ತರು ರಾತ್ರಿ ಅಗುಳಿ ಹಾಕುವ ಮುನ್ನ, ಹಸಿದವರಾರಾದರೂ ಹೊರಗೆ ನಿಂತಿರುವರೇ ಎಂದು ಒಮ್ಮೆ ನೋಡಲಿ. ದಾಸೋಹವು ಹೊಸ್ತಿಲಿನಿಂದಲೇ ಆರಂಭವಾಗುವುದು.