ಕಿಟಕಿ ಗಾಜಿನ ಸಾಕ್ಷಿ

ರಾತ್ರಿ ಲಾರಿ ಹೋದಾಗ ರಸ್ತೆ ಬದಿಯ ಮನೆಯ ಕಿಟಕಿ ಗಾಜು ಗಡಗಡ ಅನ್ನುತ್ತೆ, ಮಲಗಿದವರು ಎದ್ದು ಕೂರ್ತಾರೆ. ದೂರು ಕೊಟ್ಟರೆ, ಅಳತೆ ಮಾಡಿ 'ಶಬ್ದ ಮಿತಿಯೊಳಗೇ ಇದೆ' ಅನ್ನಬಹುದು. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗಾದರೆ ಯಾರನ್ನು ನಂಬೋದು, ನಿದ್ದೆ ಕೆಟ್ಟವರನ್ನೋ, ಮೀಟರನ್ನೋ?

ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಇದು ಸರಾಸರಿ. ಒಂದು ಲೆಕ್ಕ ಹಾಕೋಣ. ರಾತ್ರಿಯಿಡೀ 35 ಡೆಸಿಬೆಲ್, ಮಧ್ಯೆ ಎರಡು ಲಾರಿ, ಒಂದೊಂದೂ 10 ಸೆಕೆಂಡು 75 ಡೆಸಿಬೆಲ್. ಆ ಸದ್ದಿನ ಶಕ್ತಿಯನ್ನು 8 ಗಂಟೆಗೆ ಹರಡಿದರೆ ಸುಮಾರು 44 ಬರುತ್ತೆ. ನಿಯಮದಲ್ಲಿ ಪಾಸು! ಮನೆಯವರು ಎರಡು ಸಲ ಬೆಚ್ಚಿಬಿದ್ದು ಎದ್ದದ್ದು ಎಲ್ಲೂ ಕಾಣಲ್ಲ.

ಇನ್ನೊಂದು ವಿಷಯ ಇದೆ. ಕೆಳಸ್ಥಾಯಿಯ ಸದ್ದು ಕಿವಿಗೆ ಕಮ್ಮಿ ಕೇಳಿಸುತ್ತೆ ಅಂತ ಮೀಟರು 63 ಹರ್ಟ್ಜ್‌ನ ಸದ್ದಿಗೆ 26 ಡೆಸಿಬೆಲ್ ಕಳೆದು ತೋರಿಸುತ್ತೆ. ದೊಡ್ಡ ಎಂಜಿನ್ನಿನ ಗುಡುಗುಡು ಇರೋದು ಆಸುಪಾಸಿನಲ್ಲೇ, ಗಾಜು ಅದುರೋದೂ ಅದಕ್ಕೇ.

ಗಾಜಿನ ಕಂಪನವನ್ನೇ ಅಳೆಯಬಹುದಲ್ಲ? ಅಳೆಯಬಹುದು. ಕೆಲವೇ ಗ್ರಾಂ ತೂಕದ ಆಕ್ಸೆಲೆರೋಮೀಟರನ್ನು ಮೇಣದಿಂದ ಅಂಟಿಸಿದರೆ ಲಾರಿ ಬಂದದ್ದು, ಹೋದದ್ದು ಗ್ರಾಫಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತೆ. ಮೊಬೈಲಿನಲ್ಲೂ ಆ ಸೆನ್ಸರ್ ಇದೆ, ಆದರೆ ಮೊಬೈಲನ್ನೇ ಅಂಟಿಸಿದರೆ ಅದರ ಭಾರಕ್ಕೆ ಗಾಜು ಬೇರೆ ಥರ ಅದುರುತ್ತೆ.

ಗಾಜಿನ ಸಾಕ್ಷಿಗೂ ಒಂದು ಮಿತಿ ಇದೆ. ಚೌಕಟ್ಟು ಸಡಿಲವಾಗಿದ್ದರೆ ಜಾಸ್ತಿ ಸದ್ದು, ಎರಡು ಪದರದ ದಪ್ಪ ಗಾಜಾದರೆ ಕಮ್ಮಿ. ಒಂದೇ ಲಾರಿ ಹಳೇ ಮನೆಯವರನ್ನು ಎಬ್ಬಿಸಿ, ಪಕ್ಕದ ಹೊಸ ಅಪಾರ್ಟ್‌ಮೆಂಟಿನವರನ್ನು ಮಲಗಲು ಬಿಡುತ್ತೆ. ಮನೆಗೊಂದು ಕಾನೂನು ಮಾಡೋಕಾಗುತ್ತಾ ಅಂತ ಕೇಳಬಹುದು. ಆಗಲ್ಲ, ಎಲ್ಲರಿಗೂ ಒಂದು ಅಂಕಿ ಬೇಕೇ ಬೇಕು. ಆದರೆ ಆ ಅಂಕಿ ಸರಾಸರಿಯೇ ಆಗಿರಬೇಕು ಅಂತ ಏನಿದೆ?

ನಮ್ಮ ಕೆಲಸದಲ್ಲಿ ಸರ್ವರ್ ಚೆನ್ನಾಗಿದೆ ಅನ್ನೋಕೆ ಸರಾಸರಿ ಸಮಯ ತೋರಿಸಿದರೆ ಸಾಲದು. ಅತಿ ಹೆಚ್ಚು ಕಾದ ನೂರಕ್ಕೆ ಒಬ್ಬ ಎಷ್ಟು ಹೊತ್ತು ಕಾದ ಅಂತಲೂ ನೋಡ್ತೀವಿ. ಊರಿನ ರೈತರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವರ್ಷದ ಸರಾಸರಿ ಮಳೆ ಸರಿಯಾಗಿದ್ದೂ, ಬಿತ್ತನೆ ಹೊತ್ತಿಗೆ ಬರದೆ ಕೊಯ್ಲಿನ ಹೊತ್ತಿಗೆ ಸುರಿದರೆ ರಾಗಿ ಮನೆ ಸೇರಲ್ಲ.

ಆ್ಯಪ್ ಬಳಸೋರಿಗೆ ಕೊಡುವ ಈ ಮರ್ಯಾದೆಯನ್ನು ರಸ್ತೆ ಬದಿ ಮಲಗೋರಿಗೂ ಕೊಡಬೇಕು. ಸರಾಸರಿಯ ಪಕ್ಕದಲ್ಲೇ 'ರಾತ್ರಿ ಎಷ್ಟು ಸಲ, ಎಷ್ಟು ಜೋರು' ಅಂತ ಇನ್ನೊಂದು ಕಾಲಂ ಬರೆದರೆ ಸಾಕು, ಅಷ್ಟರಿಂದ ಶುರು ಮಾಡಬಹುದು.