ಸವೆದ ಹಿಮ್ಮಡಿಯ ಮುಂದೆ

ಆರ್ಮೇನಿಯದ ದಕ್ಷಿಣ ಭಾಗದಲ್ಲಿ, ಅರ್ಪಾ ನದಿಯ ದಂಡೆಯಲ್ಲಿ ಅರೇನಿ ಎಂಬ ಪುಟ್ಟ ಊರಿದೆ. ದ್ರಾಕ್ಷಿತೋಟಗಳ ಊರು. ಅಲ್ಲಿ ಮನೆಯಲ್ಲೇ ಮಾಡಿದ ವೈನನ್ನು ತಂಪುಪಾನೀಯದ ಬಾಟಲಿಗಳಿಗೆ ತುಂಬಿ ರಸ್ತೆ ಬದಿಯಲ್ಲಿ ಮಾರುತ್ತಾರೆ. ಊರಾಚೆಯ ಬಂಡೆಯಲ್ಲೊಂದು ಗುಹೆ. 2008ರಲ್ಲಿ ಅಲ್ಲಿ ಅಗೆಯುತ್ತಿದ್ದವರಿಗೆ ಗುಂಡಿಯೊಂದರಲ್ಲಿ ಚರ್ಮದ ಒಂಟಿ ಮೆಟ್ಟು ಸಿಕ್ಕಿತು. ಅದು ಎಷ್ಟು ಗಟ್ಟಿಮುಟ್ಟಾಗಿತ್ತೆಂದರೆ, ಆರೇಳು ನೂರು ವರ್ಷ ಹಳೆಯದಿರಬಹುದು ಎಂದಷ್ಟೇ ಮೊದಲು ಅಂದುಕೊಂಡರು. ಪ್ರಯೋಗಾಲಯಗಳು ಕೊಟ್ಟ ಲೆಕ್ಕ ಸುಮಾರು 5,500 ವರ್ಷ! ಈಜಿಪ್ಟಿನ ಮಹಾ ಪಿರಮಿಡ್ ಏಳುವುದಕ್ಕೂ ಸಾವಿರದಷ್ಟು ವರ್ಷ ಮೊದಲೇ ಯಾರೋ ಇದನ್ನು ಮೆಟ್ಟಿ ಓಡಾಡಿದ್ದರು.

ಅದು ಬಲಗಾಲಿನದು. ಹಸುವಿನ ಒಂದೇ ತುಂಡು ತೊಗಲನ್ನು ಪಾದದ ಸುತ್ತ ಮಡಚಿ, ತೂತು ಕೊರೆದು, ತೊಗಲಿನ ದಾರದಿಂದಲೇ ಬಿಗಿದಿದ್ದಾರೆ. ಒಳಗೆ ಹುಲ್ಲು ತುರುಕಿದ್ದಾರೆ. ಹಿಮ್ಮಡಿ, ಹೆಬ್ಬೆರಳು ಊರುವ ಕಡೆ ತೊಗಲು ಸವೆದು ಆ ಪಾದದ ಆಕಾರವನ್ನೇ ತಳೆದಿದೆ. ಇದನ್ನು ಇಷ್ಟು ಕಾಲ ಕಾಪಾಡಿದ್ದು ಗುಹೆಯ ಒಣ ಹವೆ ಮತ್ತು ಮೇಲೆ ಹಾಸಿಕೊಂಡ ಕುರಿಹಿಕ್ಕೆಯ ದಪ್ಪ ಪದರ. ಅಲ್ಲಿ ಕುರಿ ಕೂಡಿದ ಯಾವ ಕುರುಬನಿಗೂ ತನ್ನ ಮಂದೆ ಏನನ್ನು ಕಾಯುತ್ತಿದೆ ಎಂಬುದು ಗೊತ್ತಿದ್ದಿರಲಾರದು.

ಅದೇ ಗುಹೆಯಲ್ಲಿ ದ್ರಾಕ್ಷಿ ತುಳಿಯುವ ಮಣ್ಣಿನ ಕಟ್ಟೆಯೂ, ರಸ ಇಳಿಯಲು ನೆಲದಲ್ಲಿ ಹೂತ ಬಾನಿಯೂ, ದ್ರಾಕ್ಷಿ ಬೀಜಗಳೂ ಸಿಕ್ಕವು. ಇವು ಮೆಟ್ಟಿಗಿಂತಲೂ ಹಳೆಯವು, ಸುಮಾರು 6,000 ವರ್ಷದವು. ಪಕ್ಕದಲ್ಲೇ ಸಮಾಧಿಗಳಿದ್ದವು. ಸತ್ತವರ ಕ್ರಿಯೆಗೆಂದೇ ಆ ವೈನ್ ಮಾಡಿರಬಹುದೆಂದು ಸಂಶೋಧಕರು ಊಹಿಸುತ್ತಾರೆ. ಅರೇನಿಯವರು ಈಗಲೂ ದ್ರಾಕ್ಷಿ ಬೆಳೆಯುತ್ತಾರೆ, ಪ್ರತಿ ಅಕ್ಟೋಬರಿನಲ್ಲಿ ವೈನ್ ಹಬ್ಬ ಮಾಡುತ್ತಾರೆ.

ಐದೂವರೆ ಸಾವಿರ ವರ್ಷ ಎಂದರೆ ಮನಸ್ಸಿಗೆ ಹತ್ತುವುದಿಲ್ಲ. ಸವೆದ ಹಿಮ್ಮಡಿ ನೋಡಿದೊಡನೆ ಅರ್ಥವಾಗುತ್ತದೆ, ಏಕೆಂದರೆ ನಮ್ಮ ಚಪ್ಪಲಿಯೂ ಸವೆಯುವುದು ಅಲ್ಲೇ. ಆ ಜನರ ಹೆಸರಾಗಲಿ, ಮಾತಾಗಲಿ ಉಳಿದಿಲ್ಲ. ಆದರೆ ಕಲ್ಲುಮುಳ್ಳಿನ ನೆಲದಲ್ಲಿ ಕಾಲನ್ನು ಕಾಯ್ದುಕೊಳ್ಳಬೇಕು, ಕಾಲಿನ ಅಳತೆಗೆ ಸರಿಯಾಗಿ ತೊಗಲು ಕತ್ತರಿಸಬೇಕು ಎಂಬ ಕಾಳಜಿ ಅವರಿಗಿತ್ತು. ಅವರನ್ನು ನಮ್ಮವರು ಅನ್ನಲು ನನಗೆ ಅಷ್ಟು ಸಾಕು.

ಆ ಮೆಟ್ಟು ಈಗ ಯೆರೆವಾನಿನ ವಸ್ತುಸಂಗ್ರಹಾಲಯದಲ್ಲಿದೆ. ಆಳಿದವರ ನೆನಪನ್ನು ಕಾಯಲು ಶಾಸನಗಳಿವೆ, ಗೋರಿಗಳಿವೆ. ನಡೆದು, ದುಡಿದು ಹೋದ ಒಬ್ಬರ ನೆನಪಿಗೆ ಹೀಗೊಂದು ಮೆಟ್ಟು ಉಳಿದುಕೊಂಡಿತಲ್ಲ, ಅದನ್ನು ನಾನು ಮನುಷ್ಯಕುಲಕ್ಕೇ ಸಿಕ್ಕ ಭಾಗ್ಯವೆಂದು ಎಣಿಸುತ್ತೇನೆ.