ದೋಷ ಯಾರಿಗೆ ಮಾರೋದು?

ನನ್ನ ಮಾರುತಿ 800ಕ್ಕೆ 15 ವರ್ಷ ತುಂಬಿತು. ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಿದರೆ ಇನ್ನು 5 ವರ್ಷ ಓಡಿಸಬಹುದು. ಆದರೆ ಬ್ರೇಕ್ ಸವೆದಿದೆ, ಎಂಜಿನ್ ತಣ್ಣಗಿದ್ದಾಗ ಟಕಟಕ ಅನ್ನುತ್ತೆ. ರಿಪೇರಿಗೆ ಕಾರಿನ ಅರ್ಧ ಬೆಲೆ ಆಗುತ್ತಂತೆ. “ಹಾಕಿದ ದುಡ್ಡು ಮರೆತು ಮಾರ್ಬಿಡು ಗುರೂ” ಅಂತಾರೆ ಆಫೀಸಿನ ಗೆಳೆಯರು.

ಲೆಕ್ಕ ಸರಿಯೇ. ಆದರೆ ಮಾರಿದರೆ ದೋಷ ಹೋಗಲ್ಲ, ಓನರ್ ಬದಲಾಗ್ತಾನೆ ಅಷ್ಟೆ. ಕೊಳ್ಳೋರು ಬರೋ ಮುಂಚೆ ಎಂಜಿನ್ ಬಿಸಿ ಮಾಡಿಟ್ಟರೆ ಆ ಸದ್ದೂ ಕೇಳಿಸಲ್ಲ!

ನಮ್ಮ ಕಡೆ ದನದ ಜಾತ್ರೇಲಿ ಟವೆಲ್ ಅಡಿ ಬೆರಳು ಹಿಡಿದು ವ್ಯಾಪಾರ ಕುದುರಿಸ್ತಾರೆ. ಅಲ್ಲಿ ಗುಟ್ಟಾಗಿರೋದು ಬೆಲೆ ಮಾತ್ರ. ಎತ್ತು ಬಯಲಲ್ಲೇ ನಿಂತಿರುತ್ತೆ, ಹಲ್ಲು ನೋಡಿ, ಸುಳಿ ನೋಡಿ, ನಡೆಸಿಯೂ ನೋಡಬಹುದು. ಹಳೇ ಕಾರಿನ ವ್ಯಾಪಾರದಲ್ಲಿ ಉಲ್ಟಾ. ಬೆಲೆ ಬಯಲಲ್ಲಿ, ದೋಷ ಟವೆಲ್ ಅಡಿ.

ಎಂಜಿನ್ ಸದ್ದನ್ನು ಬಾಯಿಬಿಟ್ಟು ಹೇಳಿ, ಬೆಲೆ ಇಳಿಸಿ ಮಾರಬಹುದು. ಕೊಳ್ಳೋನು ಒಪ್ಪಿದರೆ ಅದು ನ್ಯಾಯ. ಬ್ರೇಕ್ ವಿಷಯ ಹಾಗಲ್ಲ. ರಸ್ತೆ ದಾಟೋ ಮಗು ನಮ್ಮ ವ್ಯಾಪಾರಕ್ಕೆ ಒಪ್ಪಿರಲ್ಲ. ಅದಕ್ಕೇ ಬ್ರೇಕ್ ನಾನೇ ಮಾಡಿಸ್ತೀನಿ, ಮಿಕ್ಕಿದ್ದನ್ನು ಹೇಳಿ ಮಾರ್ತೀನಿ. ಸ್ವಲ್ಪ ಕಮ್ಮಿ ಬರುತ್ತೆ, ಬರಲಿ ಬಿಡಿ.